ವಿಶೇಷ ಅಗತ್ಯವುಳ್ಳ ಎಳೆಯರೂ ಸರ್ಕಾರದ ಧನಸಹಾಯವೂ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬ ಗಾದೆಯನ್ನು ಕೇಳದವರಾರು? ಮಕ್ಕಳ ನಡತೆಯನ್ನು ತಿದ್ದುವಾಗ ಹಿರಿಯರು ಈ ಮಾತನ್ನು ಆಡುತ್ತಾರೆ. ಹುಟ್ಟುಕಿವುಡಾದ ಮಗುವಿನ ವಿಷಯದಲ್ಲಿ ಇದು ಇನ್ನೂ ಹೆಚ್ಚು ಸತ್ಯ. ಮಾತು ಕಿವಿಗೆ ಬಿದ್ದರೆ ತಾನೇ ಬಾಯಿಗೆ ಬರುವುದು? ಮೊದಲ ವರ್ಷದಲ್ಲಿಯೇ ಕಿವುಡುತನವನ್ನು ಗುರುತಿಸಿ, ಶ್ರವಣಸಾಧನವನ್ನೂ ತರಬೇತಿಯನ್ನೂ ಒದಗಿಸಿದರೆ ಅಂಥ ಎಷ್ಟೋ ಮಕ್ಕಳು ಮಾತು ಕಲಿಯಬಲ್ಲರು. ಆರು ವರ್ಷ ಕಳೆದ ಮೇಲೆ ಅದೇ ಕೆಲಸ ಬಲು ಕಷ್ಟ.

ಉಳ್ಳವರು ಹೇಗೋ ವೈದ್ಯರನ್ನು ಹುಡುಕಿಕೊಳ್ಳುತ್ತಾರೆ. ಕೂಲಿಯಿಂದ ಬದುಕುವ ತಾಯಿಯ ಪಾಡೇನು? ಮಗುವನ್ನು ಪಟ್ಟಣಕ್ಕೆ ಕರೆದೊಯ್ದರೆ ಆ ದಿನದ ಕೂಲಿ ಹೋಯಿತು. ಬಸ್ಸಿನ ಖರ್ಚು ಬೇರೆ. ಇಂಥ ಕಡೆಯೇ ಸರ್ಕಾರದ ಹಣ ಮೊದಲು ತಲುಪಬೇಕು. ಅದು ತಲುಪುವ ದಾರಿಯನ್ನು ಸ್ವಲ್ಪ ಪರಿಶೀಲಿಸೋಣ.

ಮೊದಲು ಕಾನೂನು. 2002ರ ಸಂವಿಧಾನ ತಿದ್ದುಪಡಿಯು 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು, ನಿಗದಿತ ಪ್ರಮಾಣದ ವೈಕಲ್ಯವುಳ್ಳ ಮಕ್ಕಳಿಗೆ 18 ವರ್ಷದವರೆಗೂ ಉಚಿತ ಶಿಕ್ಷಣವನ್ನು ವಿಧಿಸಿತು. ಮೇಲಿನ ಮಿತಿ ಏರಿತು. ಕೆಳಗಿನ ಮಿತಿ ಮಾತ್ರ ಆರರಲ್ಲಿಯೇ ನಿಂತಿತು. ಆರಕ್ಕಿಂತ ಎಳೆಯರ ಶಿಕ್ಷಣಕ್ಕಾಗಿ ಸರ್ಕಾರವು ಪ್ರಯತ್ನಿಸಬೇಕು ಎಂದಷ್ಟೇ ಸಂವಿಧಾನ ಹೇಳುತ್ತದೆ. ಹಕ್ಕು ಬೇರೆ, ಪ್ರಯತ್ನ ಬೇರೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಇನ್ನು ಹಣ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಗೊತ್ತುಮಾಡಲಾಯಿತು. ಹಿಂದೆ ಅದು 3,000 ಇದ್ದಿತು. ಸಾಧನ ಸಲಕರಣೆ, ಕಲಿಕೆಯ ಸಾಮಗ್ರಿ, ಪ್ರಯಾಣಭತ್ಯೆ ಎಲ್ಲವೂ ಇದರಲ್ಲಿಯೇ ನಡೆಯಬೇಕು. ಭಾಗಿಸಿ ನೋಡಿದರೆ ದಿನಕ್ಕೆ ಹತ್ತು ರೂಪಾಯಿಗೂ ಕಡಿಮೆ! ಅದೂ ಶಾಲೆಯ ದಾಖಲೆಯಲ್ಲಿ ಹೆಸರುಳ್ಳ ಮಗುವಿಗೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಎರಡು ಮೂರು ವರ್ಷದ ಕೂಸಿನ ಗತಿಯೇನು?

ಆ ಕೂಸಿಗೆ ಆಸರೆ ಅಂಗನವಾಡಿಯೇ. 1975ರಲ್ಲಿ ಶಿಶು ಅಭಿವೃದ್ಧಿ ಯೋಜನೆಯು ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡವು ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ನ್ಯೂನತೆ ಕಂಡವರನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸಬೇಕು. ಅಲ್ಲಿ ಚಿಕಿತ್ಸೆ ಉಚಿತ. ಆದರೆ ಚಿಕಿತ್ಸೆ ಒಂದು ದಿನದ್ದಲ್ಲ, ತಿಂಗಳುಗಟ್ಟಲೆಯದು. ಪ್ರತಿ ಸಲವೂ ತಾಯಿಯ ಕೂಲಿ ಹೋಗುತ್ತದೆ. ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಆಕೆ ನಿಲ್ಲಿಸಿಬಿಟ್ಟರೆ ಆಕೆಯನ್ನು ದೂರುವುದು ನ್ಯಾಯವೇ?

ಅಮೆರಿಕದಲ್ಲಿ ಬಡ ಶಿಶುಗಳಿಗಾಗಿ 1965ರಲ್ಲಿ ‘ಹೆಡ್ ಸ್ಟಾರ್ಟ್’ ಎಂಬ ಯೋಜನೆ ಹುಟ್ಟಿತು. 1972ರ ಕಾನೂನು ಅದರಲ್ಲಿ ಕನಿಷ್ಠ ನೂರಕ್ಕೆ ಹತ್ತು ಸ್ಥಾನಗಳು ವಿಕಲಾಂಗ ಮಕ್ಕಳಿಗೆ ಸಲ್ಲಬೇಕೆಂದಿತು. ಬಡತನ, ವೈಕಲ್ಯ, ಎಳೆಯ ವಯಸ್ಸು ಈ ಮೂರನ್ನೂ ಒಟ್ಟಿಗೆ ನೋಡಿದ ಕ್ರಮವಿದು.

ನಮ್ಮಲ್ಲಿಯೂ 2023ರಲ್ಲಿ ಕೇಂದ್ರ ಸರ್ಕಾರವು ಅಂಗನವಾಡಿಗಳಲ್ಲಿ ವಿಕಲಚೇತನ ಮಕ್ಕಳ ಪಾಲನೆಗಾಗಿ ಮಾರ್ಗಸೂಚಿಯನ್ನು ಹೊರಡಿಸಿದೆ. ಇದು ಸ್ವಾಗತಾರ್ಹ. ಆದರೆ ಸೂಚಿಯ ಹಿಂದೆ ಹಣವೂ ನಡೆಯಬೇಕು. ತಾಯಿಯ ಬಸ್ಸಿನ ಖರ್ಚು, ಕಳೆದ ಕೂಲಿ ಇವೂ ಶಿಕ್ಷಣದ ವೆಚ್ಚವೆಂದೇ ಎಣಿಕೆಯಾಗಬೇಕು. ಅಲ್ಲಿಯವರೆಗೆ, ನಮ್ಮೂರಿನ ಅಂಗನವಾಡಿಗೆ ತಂಡ ಬರುವ ದಿನವನ್ನು ವಿಚಾರಿಸಿ ನೆರೆಯ ತಾಯಿಗೆ ತಿಳಿಸುವಷ್ಟು ಕೆಲಸ ವಿದ್ಯಾರ್ಥಿಗಳಾದ ನಮ್ಮಿಂದ ಆಗದೇ?