ಗಣಕಕ್ಕೆ ದಿನಾಂಕ ತಿಳಿಯುವುದು ಹೇಗೆ?

ನಿಮ್ಮ ಶಾಲೆಯ ವಿಜ್ಞಾನ ಸಂಘದಲ್ಲಿ ಒಂದು ಮಳೆಮಾಪಕ ಇದೆ ಎಂದುಕೊಳ್ಳಿ. ವಿದ್ಯಾರ್ಥಿಗಳು ಪ್ರತಿದಿನ ಬೆಳಿಗ್ಗೆ 8.30ಕ್ಕೆ ಮಳೆಯ ಪ್ರಮಾಣವನ್ನು ಅಳೆದು, ದಿನಾಂಕ ಮತ್ತು ವೇಳೆಯೊಂದಿಗೆ ಗಣಕದಲ್ಲಿ ದಾಖಲಿಸುತ್ತಾರೆ. ಭಾರತೀಯ ಹವಾಮಾನ ಇಲಾಖೆಯು 24 ಗಂಟೆಗಳ ಮಳೆಯನ್ನು ಲೆಕ್ಕ ಹಾಕುವುದೂ ಇದೇ ವೇಳೆಗೆ. ಒಂದು ದಾಖಲೆ ಹೀಗಿದೆ: 03-04-2005 08:30. ಓದಿದ ಕೂಡಲೇ ನೀವು ‘ಏಪ್ರಿಲ್ 3’ ಎನ್ನುತ್ತೀರಿ. ಗಣಕಕ್ಕಾದರೋ ಇದು 16 ಚಿಹ್ನೆಗಳ ಒಂದು ಸಾಲು, ಅಷ್ಟೆ.

ಇಂತಹ ಸಾಲುಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಲು ಹೇಳಿ ನೋಡಿ. ಗಣಕವು ಎಡದಿಂದ ಒಂದೊಂದೇ ಚಿಹ್ನೆಯನ್ನು ಹೋಲಿಸುತ್ತದೆ. ಆದ್ದರಿಂದ 01-12-2006 ಎಂಬುದು 02-01-2005ಕ್ಕಿಂತ ಮೊದಲು ಬಂದುಬಿಡುತ್ತದೆ! ಎರಡು ದಾಖಲೆಗಳ ನಡುವೆ ಎಷ್ಟು ದಿನಗಳಿವೆ ಎಂದು ಕೇಳಿದರೂ ಉತ್ತರ ಸಿಗದು. ಅಕ್ಷರಗಳಿಂದ ಅಕ್ಷರಗಳನ್ನು ಕಳೆಯಲಾಗುವುದಿಲ್ಲ. ಪಠ್ಯವನ್ನು ಮೊದಲು ಸಂಖ್ಯೆಯಾಗಿ ಪರಿವರ್ತಿಸಬೇಕು.

ಸೆಕೆಂಡುಗಳ ಎಣಿಕೆ

ಯೂನಿಕ್ಸ್ ಪದ್ಧತಿಯಲ್ಲಿ 1970ರ ಜನವರಿ 1ರ ಆರಂಭವೇ ಸೊನ್ನೆ. ಇಲ್ಲಿ ಬಳಸುವುದು ಯುಟಿಸಿ ಎಂಬ ಸಾರ್ವತ್ರಿಕ ವೇಳೆಯನ್ನು. ಒಂದು ದಿನಕ್ಕೆ 86,400 ಸೆಕೆಂಡುಗಳು. ನಮ್ಮ ದಾಖಲೆಯನ್ನೇ ಲೆಕ್ಕ ಮಾಡೋಣ. 1970ರಿಂದ 2004ರವರೆಗೆ 35 ವರ್ಷಗಳು. ಅವುಗಳಲ್ಲಿ 9 ಅಧಿಕ ವರ್ಷಗಳು. ಒಟ್ಟು 12,784 ದಿನಗಳು. 2005ರ ಏಪ್ರಿಲ್ 3ಕ್ಕೆ ಮುಂಚೆ ಆ ವರ್ಷ ಕಳೆದದ್ದು 92 ದಿನಗಳು. ಮೊತ್ತ 12,876 ದಿನಗಳು, ಅಂದರೆ 1,11,24,86,400 ಸೆಕೆಂಡುಗಳು. ಭಾರತೀಯ ವೇಳೆ 8.30 ಎಂದರೆ ಯುಟಿಸಿ 3.00. ಆ ಮೂರು ಗಂಟೆಗಳ 10,800 ಸೆಕೆಂಡುಗಳನ್ನು ಕೂಡಿಸಿದರೆ 1,11,24,97,200. ಈಗ ಜೋಡಿಸುವುದೂ ಕಳೆಯುವುದೂ ಸುಲಭ.

ಈ ಲೆಕ್ಕವನ್ನು ಕ್ರಮವಿಧಿಯೇ ಮಾಡುತ್ತದೆ. ಆದರೆ ಯಾವ ಅಂಕಿ ದಿನ, ಯಾವುದು ತಿಂಗಳು ಎಂಬುದನ್ನು ನೀವು ಹೇಳಬೇಕು. ಪೈಥಾನ್ ಭಾಷೆಯಲ್ಲಿ ಇದಕ್ಕೆ ಶೇಕಡಾ ಚಿಹ್ನೆಯ ಮುಂದೆ ಒಂದು ಇಂಗ್ಲಿಷ್ ಅಕ್ಷರವನ್ನು ಬರೆಯುತ್ತಾರೆ. ಸಣ್ಣ ‘ಡಿ’ ದಿನಕ್ಕೆ, ಸಣ್ಣ ‘ಎಂ’ ತಿಂಗಳಿಗೆ, ದೊಡ್ಡ ‘ಎಂ’ ನಿಮಿಷಕ್ಕೆ, ದೊಡ್ಡ ‘ವೈ’ ನಾಲ್ಕಂಕಿಯ ವರ್ಷಕ್ಕೆ. ಸಣ್ಣ, ದೊಡ್ಡ ಅಕ್ಷರಗಳು ಅದಲುಬದಲಾಗದಂತೆ ಎಚ್ಚರ ವಹಿಸಿ.

ಸದ್ದಿಲ್ಲದ ತಪ್ಪು

ನಮೂನೆಯನ್ನು ತಿಳಿಸದಿದ್ದರೆ ಕೆಲವು ತಂತ್ರಾಂಶಗಳು ತಾವೇ ಊಹಿಸುತ್ತವೆ. ಅಮೆರಿಕದಲ್ಲಿ ತಿಂಗಳನ್ನು ಮೊದಲು ಬರೆಯುವ ರೂಢಿ. ಆ ರೂಢಿಯಂತೆ ಓದಿದರೆ ನಮ್ಮ ಏಪ್ರಿಲ್ 3 ಮಾರ್ಚ್ 4 ಆಗುತ್ತದೆ. 13-04-2005 ಬಂದಾಗ ಹದಿಮೂರನೆಯ ತಿಂಗಳು ಇಲ್ಲದ ಕಾರಣ ಅದನ್ನು ಸರಿಯಾಗಿಯೇ ಓದುತ್ತವೆ. ಹೀಗಾಗಿ ಪ್ರತಿ ತಿಂಗಳ ಮೊದಲ 12 ದಿನಗಳಲ್ಲಿ 11 ದಿನಗಳು ಬೇರೆ ತಿಂಗಳಿಗೆ ಹೋಗುತ್ತವೆ. 04-04ರಂತಹ ಒಂದು ದಿನ ಮಾತ್ರ ಉಳಿಯುತ್ತದೆ. ವರ್ಷಕ್ಕೆ 132 ದಿನಗಳ ಮಳೆ ತಪ್ಪು ಜಾಗದಲ್ಲಿ! ಗಣಕ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ವಾರ್ಷಿಕ ಮೊತ್ತವೂ ಬದಲಾಗದು. ಆದರೆ ಜೂನ್‌ನ ಮಳೆ ಜನವರಿಯಲ್ಲಿ ಸುರಿದಂತೆ ಕಾಣುತ್ತದೆ.

ಎರಡಂಕಿಯ ವರ್ಷವೂ ಹೀಗೆಯೇ ಮೋಸ ಮಾಡುತ್ತದೆ. ಪೈಥಾನ್ 69ರಿಂದ 99ರವರೆಗಿನ ಅಂಕಿಗಳನ್ನು 1969–1999 ಎಂದೂ, 00ರಿಂದ 68ರವರೆಗಿನವನ್ನು 2000–2068 ಎಂದೂ ತಿಳಿಯುತ್ತದೆ. 1965ರಲ್ಲಿ ಹುಟ್ಟಿದವರ ಜನ್ಮವರ್ಷವನ್ನು 65 ಎಂದಷ್ಟೇ ಬರೆದರೆ ಅದು 2065 ಆದೀತು! ವೇಳೆಯ ವಲಯವನ್ನು ಮರೆತರೆ ಐದೂವರೆ ಗಂಟೆಗಳ, ಅಂದರೆ 19,800 ಸೆಕೆಂಡುಗಳ ವ್ಯತ್ಯಾಸ. ನಮ್ಮಲ್ಲಿ ಏಪ್ರಿಲ್ 3ರ ನಸುಕಿನ 4 ಗಂಟೆಯಾದಾಗ ಯುಟಿಸಿಯಲ್ಲಿ ಇನ್ನೂ ಏಪ್ರಿಲ್ 2ರ ರಾತ್ರಿ 10.30.

ಪರಿಹಾರವೇನು? ಹೊಸ ದಾಖಲೆಗಳನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯಿರಿ: 2005-04-03 08:30 +05:30. ಇದು 1988ರಲ್ಲಿ ಮೊದಲು ಪ್ರಕಟವಾದ ಐಎಸ್ಒ 8601 ಮಾನಕದ ಕ್ರಮ. ವೇಳೆಯ ವಲಯ ಒಂದೇ ಆಗಿದ್ದರೆ, ಹೀಗೆ ಬರೆದ ದಾಖಲೆಗಳು ಪಠ್ಯವಾಗಿಯೂ ಸರಿಯಾಗಿ ಜೋಡಣೆಯಾಗುತ್ತವೆ.

ಹಳೆಯ ದಾಖಲೆಗಳಿಗೆ ಒಂದು ಸರಳ ಪರೀಕ್ಷೆ ಇದೆ. ಬರೆದ ಕ್ರಮವನ್ನು ಕದಲಿಸದೆ ಪರಿವರ್ತಿಸಿ, ಪ್ರತಿ ದಿನದ ಸಂಖ್ಯೆಯಿಂದ ಹಿಂದಿನ ದಿನದ್ದನ್ನು ಕಳೆಯಿರಿ. ಪ್ರತಿ ಸಲವೂ 86,400 ಬರಬೇಕು. 12ನೆಯ ದಿನದಿಂದ 13ನೆಯ ದಿನಕ್ಕೆ ದಾಟುವಾಗ ಉತ್ತರ ತಿಂಗಳುಗಟ್ಟಲೆ ಜಿಗಿದರೆ, ದಿನ ಮತ್ತು ತಿಂಗಳು ಅದಲುಬದಲಾಗಿವೆ ಎಂದೇ ಅರ್ಥ. ನಿಮ್ಮ ತರಗತಿಯಲ್ಲಿ ಇದನ್ನು ಮಾಡಿ ನೋಡಿ.