ಬಾಯಿ ಕ್ಯಾನ್ಸರ್ ಮತ್ತು ಒಂದು ಪುಟ್ಟ ಆರ್‌ಎನ್‌ಎ

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ವಿಜ್ಞಾನದ ಲೇಖನ ಇವಳಿಗೇಕೆ ಎಂದು ನೀವು ಕೇಳಬಹುದು. ಕಾರಣ ನಮ್ಮ ಚಾಚಾ. ಹಲವಾಗಲಿನಲ್ಲಿ ಅವರದು ಪಂಕ್ಚರ್ ಅಂಗಡಿ. ಬಹಳ ವರ್ಷಗಳಿಂದ ಗುಟ್ಕಾ ಅಭ್ಯಾಸ. ಈ ಸಲ ರಂಜಾನ್‌ನಲ್ಲಿ ಇಫ್ತಾರ್ ಹೊತ್ತಿಗೆ ಸಮೋಸ ಕಚ್ಚಲು ಆಗದೆ ಅದನ್ನು ಪುಡಿ ಮಾಡಿಕೊಂಡು ತಿಂದರು. ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ದಾವಣಗೆರೆಯಲ್ಲಿ ತೋರಿಸಿದಾಗ ವೈದ್ಯರು, "ಇದು ಕ್ಯಾನ್ಸರ್ ಅಲ್ಲ, ಆದರೆ ಮುಂದೆ ಆಗಬಹುದು. ಇಂದೇ ಬಿಡಿ" ಎಂದರು. ಮನೆಗೆ ಬಂದ ಚಾಚಾ, "ಈಗ ಎಲ್ಲದಕ್ಕೂ ಔಷಧಿ ಬಂದಿದೆ ಬೇಟಿ, ನೋಡೋಣ" ಎಂದರು.

ನಿಜವಾಗಿಯೂ ಬಂದಿದೆಯೇ? ಜೀವಶಾಸ್ತ್ರದ ಉಪನ್ಯಾಸಕರನ್ನು ಕೇಳಿದೆ. ಅವರು ಬೆಂಗಳೂರಿನ ಒಂದು ಸಂಶೋಧನೆಯನ್ನು ವಿವರಿಸಿದರು. ನನಗೆ ಅರ್ಥವಾದದ್ದನ್ನು ನಮ್ಮ ವಾಣಿಜ್ಯದ ಭಾಷೆಯಲ್ಲೇ ಹೇಳುತ್ತೇನೆ.

ನಮ್ಮ ದೇಹದ ಕೋಶವನ್ನು ಒಂದು ಕಾರ್ಖಾನೆ ಎಂದುಕೊಳ್ಳಿ. ಡಿಎನ್‌ಎ ಎಂಬುದು ಒಳಕೋಣೆಯಲ್ಲಿರುವ ಮೂಲ ಲೆಕ್ಕದ ಪುಸ್ತಕ. ಅದನ್ನು ಯಾರೂ ಹೊರಗೆ ಒಯ್ಯುವಂತಿಲ್ಲ. ಬೇಕಾದ ಪುಟದ ನಕಲು ಮಾತ್ರ ಹೊರಗೆ ಹೋಗುತ್ತದೆ. ಆ ನಕಲೇ ಸಂದೇಶವಾಹಕ ಆರ್‌ಎನ್‌ಎ. ಅದನ್ನು ನೋಡಿ ಕೋಶವು ಪ್ರೋಟೀನ್ ತಯಾರಿಸುತ್ತದೆ.

ಇದರ ಜೊತೆಗೆ ಮೈಕ್ರೋ ಆರ್‌ಎನ್‌ಎ ಎಂಬ ಇನ್ನೊಂದು ಬಗೆಯಿದೆ. ಇದರ ಉದ್ದ ಸುಮಾರು 22 ಅಕ್ಷರ ಮಾತ್ರ. ಇದು ಪ್ರೋಟೀನ್ ತಯಾರಿಸುವುದಿಲ್ಲ. ಹೊರಟ ನಕಲಿಗೆ ಅಂಟಿಕೊಂಡು 'ಆರ್ಡರ್ ರದ್ದು' ಎಂಬ ಮೊಹರು ಒತ್ತಿದಂತೆ ಮಾಡುತ್ತದೆ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಎಂಬ ವಿಜ್ಞಾನಿಗಳು 1 ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಕಂಡುಹಿಡಿದು 1993ರಲ್ಲಿ ಪ್ರಕಟಿಸಿದರು. 2024ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮೊಹರು ಒತ್ತುವುದು ಕೆಟ್ಟ ಕೆಲಸವಲ್ಲ, ಕೋಶಕ್ಕೆ ಅದು ಬೇಕು. ಆದರೆ ಮೊಹರು ಹಾಕುವವರು ಮಿತಿಮೀರಿದರೆ ಏನಾಗುತ್ತದೆ?

ಇದನ್ನೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅರುಣ್ ಕುಮಾರ್ ಅವರ ತಂಡ ಬಾಯಿ ಕ್ಯಾನ್ಸರ್‌ನಲ್ಲಿ ಪರಿಶೀಲಿಸಿತು. 2013ರಲ್ಲಿ ಪ್ರಕಟವಾದ ಆ ಪ್ರಬಂಧದ ಮೊದಲ ಲೇಖಕರು ಮೊಹಮ್ಮದ್ ಇಕ್ಬಾಲ್ ರಾಥರ್. ಸಿಡಿಸಿ73 ಎಂಬ ವಂಶವಾಹಿ ನಮ್ಮ ಕೋಶದ ಲೆಕ್ಕ ಪರಿಶೋಧಕರಿದ್ದಂತೆ. ಕೋಶ ಬೇಕಾಬಿಟ್ಟಿ ಬೆಳೆಯದಂತೆ ಅದು ತಡೆಯುತ್ತದೆ. ರೋಗಿಗಳ ಗೆಡ್ಡೆಯ ಮಾದರಿಗಳಲ್ಲಿ ಹೆಚ್ಚಿನವುಗಳಲ್ಲಿ ಈ ಸಿಡಿಸಿ73 ಕಡಿಮೆಯಾಗಿತ್ತು. ಕೆಲವು ಮಾದರಿಗಳಲ್ಲಿ ಮೂಲ ಪುಸ್ತಕದಲ್ಲಿ ಯಾವ ತಪ್ಪೂ ಇರಲಿಲ್ಲ. ಎಂಐಆರ್-155 ಎಂಬ ಮೈಕ್ರೋ ಆರ್‌ಎನ್‌ಎ ವಿಪರೀತ ಹೆಚ್ಚಾಗಿ ಪರಿಶೋಧಕರ ಆರ್ಡರನ್ನೇ ರದ್ದು ಮಾಡುತ್ತಿತ್ತು.

ಆಮೇಲೆ ಅವರು ಎಂಐಆರ್-155ಅನ್ನು ಕಟ್ಟಿಹಾಕುವ ಒಂದು ಅಣುವನ್ನು ಪ್ರಯೋಗಾಲಯದ ಕ್ಯಾನ್ಸರ್ ಕೋಶಗಳಿಗೆ ಕೊಟ್ಟರು. ಸಿಡಿಸಿ73 ಮತ್ತೆ ಹೆಚ್ಚಿತು, ಕ್ಯಾನ್ಸರ್ ಕೋಶಗಳು ಸಾಯತೊಡಗಿದವು. ಇಲಿಗಳಲ್ಲಿ ಬೆಳೆಸಿದ ಗೆಡ್ಡೆಗಳೂ ಕುಗ್ಗಿದವು.

ಇದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಆದರೆ ಉಪನ್ಯಾಸಕರು ನನ್ನನ್ನು ಎಚ್ಚರಿಸಿದರು. ಇಲಿಯಲ್ಲಿ ಗೆದ್ದದ್ದು ಮನುಷ್ಯರಿಗೆ ಮಾತ್ರೆಯಾಗಿ ಬರಲು ಎಷ್ಟೋ ಹಂತದ ಪರೀಕ್ಷೆಗಳು ಬೇಕು. ಒಂದು ಮೈಕ್ರೋ ಆರ್‌ಎನ್‌ಎ ಹಲವು ನಕಲುಗಳಿಗೆ ಅಂಟುವುದರಿಂದ ಅದನ್ನು ಕಟ್ಟಿಹಾಕಿದರೆ ಬೇರೆ ಕೆಲಸಗಳೂ ಕೆಡಬಹುದು. ಅಂದರೆ, ಚಾಚಾ ಕಾಯುತ್ತಿರುವ ಔಷಧಿ ಅಂಗಡಿಗೆ ಬಂದಿಲ್ಲ.

ಇದನ್ನೆಲ್ಲ ಅಂಗಡಿಯಲ್ಲೇ ಕುಳಿತು ಚಾಚಾಗೆ ಹೇಳಿದೆ. ಟ್ಯೂಬ್ ಉಜ್ಜುತ್ತಲೇ ಕೇಳಿಸಿಕೊಂಡರು. "ಅಂದರೆ ನಾನು ಇಲಿಗಿಂತ ಹಿಂದೆ ಇದ್ದೇನೆ" ಎಂದು ನಕ್ಕರು. ತಂಬಾಕು ಬಿಟ್ಟು ಬರೀ ಅಡಿಕೆ ಹಾಕಿಕೊಳ್ಳಲೇ ಎಂದು ಕೇಳಿದರು. ಅದೂ ಬೇಡ, ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕ ಎಂದಿದೆ ಎಂದೆ. ಈಗ ಅವರ ಡಬ್ಬಿಯಲ್ಲಿ ಸೋಂಪು ಇದೆ. ನಡುವೆ ಎರಡು ಸಲ ತಪ್ಪಿದ್ದಾರೆ. ಅದನ್ನು ಅವರೇ ನನಗೆ ಹೇಳಿದರು.

ಗೆಳೆಯರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ತೆರೆಯಲು ಕಷ್ಟ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ವಿಜ್ಞಾನಿಗಳು ತಮ್ಮ ಕೆಲಸ ಮಾಡುತ್ತಿದ್ದಾರೆ. ಔಷಧಿ ಬರುವವರೆಗೆ ನಮ್ಮವರನ್ನು ಉಳಿಸಿಕೊಳ್ಳುವುದು ನಮ್ಮ ಕೆಲಸ.