ಹತ್ತೇ ನಿಮಿಷದ ವಿಡಿಯೋಗೆ ಯಾವ ಡಿಸ್ಕ್ ಹೀರೋ?

ವಿಸಿಡಿ ಗೊತ್ತಿಲ್ಲದ ಸಿನಿಮಾ ಹುಚ್ಚ ಇದ್ದಾನೆಯೇ? 1993ರಲ್ಲಿ ಹುಟ್ಟಿದ ಈ ಬೆಳ್ಳಿ ಬಿಲ್ಲೆ ಸಿನಿಮಾವನ್ನು ಮನೆ ಮನೆಗೆ ತಂದಿತು. ಆದರೆ ಚಿತ್ರ ಬರೀ 352×288 ಚುಕ್ಕಿ. ಹೀರೋ ಓಡಿದರೆ ಮುಖವೆಲ್ಲ ಚೌಕ ಚೌಕ!

ಹಗರಿಬೊಮ್ಮನಹಳ್ಳಿಯ ನನ್ನ ಗೆಳೆಯನ ಹತ್ತಿರ ಅಣ್ಣನ ಮದುವೆಯ ಹತ್ತು ನಿಮಿಷದ ವಿಡಿಯೋ ಇದೆ. ಅದರಲ್ಲಿ ಈಗ ಇಲ್ಲದ ಅಪ್ಪ ನಗ್ತಾ ಅಕ್ಷತೆ ಹಾಕ್ತಾರೆ. “ಅವ್ವ ಟಿವೀಲಿ ಆ ಮುಖ ಚೆನ್ನಾಗಿ ನೋಡ್ಬೇಕು. ಹತ್ತೇ ನಿಮಿಷ ಅಲ್ವಾ, ವಿಸಿಡಿ ಸಾಕಲ್ಲ?” ಅಂದ.

ಸಾಲದು ಗೆಳೆಯರೇ! ಜಾಗ ಖಾಲಿ ಉಳಿದರೂ ವಿಸಿಡಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 11.5 ಲಕ್ಷ ಬಿಟ್ ಅಷ್ಟೇ ಕೊಡುತ್ತದೆ. ಡಿವಿಡಿಗೆ 98 ಲಕ್ಷದವರೆಗೆ ಅವಕಾಶ. ಚುಕ್ಕಿಗಳೂ 720×576, ಅಂದರೆ ನಾಲ್ಕು ಪಟ್ಟು. 4.7 ಜಿಬಿ ಡಿಸ್ಕಿನಲ್ಲಿ ಆ ವೇಗಕ್ಕೂ ಒಂದು ಗಂಟೆ ಹಿಡಿಯುತ್ತದೆ. ಹತ್ತು ನಿಮಿಷ ಯಾವ ಲೆಕ್ಕ!

ವಿಡಿಯೋ 1920×1080ರದ್ದಾದರೆ? ಡಿವಿಡಿಯ ಐದು ಪಟ್ಟು ಚುಕ್ಕಿ! ಮನೇಲಿ ಬ್ಲೂ-ರೇ ಪ್ಲೇಯರ್ ಇದ್ದರೆ, ಅದೇ ಖಾಲಿ ಡಿವಿಡಿಗೆ ‘ಎವಿಸಿಎಚ್‌ಡಿ’ ಪದ್ಧತಿಯಲ್ಲಿ ಬರೆಸಿ. ಅರ್ಧ ಗಂಟೆ ಆರಾಮಾಗಿ ಕೂರುತ್ತದೆ. ಸಾದಾ ಡಿವಿಡಿ ಪ್ಲೇಯರ್ ಮಾತ್ರ ಇದನ್ನು ಓದದು, ಮೊದಲೇ ಕೇಳಿಕೊಳ್ಳಿ.

ಹಳೇ ವಿಎಚ್‌ಎಸ್ ಟೇಪಾದರೆ ಡಿವಿಡಿಯೇ ಸಾಕು. ಟೇಪಿನಲ್ಲಿ ಇಲ್ಲದ ಅಂದವನ್ನು ಯಾವ ಡಿಸ್ಕೂ ತರಲಾರದು.

ಕೊನೇ ಮಾತು: ಬರೆಸಿದ ಡಿಸ್ಕಿನ ಒಳಗಿನ ಬಣ್ಣದ ಪದರಕ್ಕೆ ಬಿಸಿಲು ಆಗದು. ಟ್ರಂಕಿನೊಳಗಿಡಿ, ಮೂಲ ಫೈಲನ್ನು ಅಳಿಸಲೇಬೇಡಿ!